ನೀರುಗಂಟಿ ಬಿಚ್ಚಿದ ಕೆಂಪು ಬಟ್ಟೆ

"ಸಿರಿಗೋಡಿನ ಹಿರಿಕಿರಿಯರೆಲ್ಲ ಕಿವಿಗೊಟ್ಟು ಕೇಳಿ. ರಾಜಕುಮಾರಿ ಚಂಪಲಾದೇವಿಯ ಮೂರು ಒಗಟು ಬಿಡಿಸಿದವನಿಗೆ ಜ್ವರದ ಮನೆಯ ಬೀಗದಕೈ, ಅಲ್ಲಿನ ಆರೈಕೆಯ ಅಧಿಕಾರ. ಅವಳು ಒಪ್ಪಿದರೆ ಅವಳನ್ನೂ ಧಾರೆಯೆರೆದು ಕೊಡುತ್ತೇವೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ. ಇದು ದೊರೆಯ ಆಜ್ಞೆ."

ಡಂಗುರದ ಸದ್ದಿಗೆ ಊರೇ ಅರಮನೆಗೆ ಬಂತು. ಆ ವರ್ಷ ಗಾಳಿಜ್ವರ ಬಂದು, ಬಿದ್ದವರನ್ನೆಲ್ಲ ಕೋಟೆಯಾಚೆಯ ಜ್ವರದ ಮನೆಗೆ ಸೇರಿಸಿದ್ದರು. ಜ್ವರವೇನೋ ವಾರಕ್ಕೆ ಇಳಿಯುತ್ತಿತ್ತು. ಆಮೇಲೆ ಕೆಲವರಿಗೆ ಕಾಲು ಊದಿ, ಉಸಿರು ಸಿಕ್ಕಿಕೊಂಡು ಪ್ರಾಣ ಹೋಗುತ್ತಿತ್ತು. ರಾಜಕುಮಾರಿ ಹಗಲೆಲ್ಲ ಅಲ್ಲೇ ಕೂತು ನೋಡಿ ಒಂದಿಷ್ಟು ತಿಳಿದುಕೊಂಡಿದ್ದಳು. ಹೇಳಿದರೆ ವೈದ್ಯರು ಕೇಳಬೇಕಲ್ಲ? ಅದಕ್ಕೇ ಒಗಟು ಕಟ್ಟಿದಳು. ಬುದ್ಧಿ ಹೇಳಿದರೆ ಆಕಳಿಸುವ ಜನ ಒಗಟು ಅಂದರೆ ಊಟ ಬಿಟ್ಟು ಬರುತ್ತಾರೆ.

"ಗೋಡೆ ಬಿರುಕು ಬಿಟ್ಟರೆ ಕರೆಯದೆ ಬಂದು ಮುಚ್ಚುವ ಗೌಂಡಿ. ಜ್ವರ ಬಂದರೆ ಅವನೇ ನಡುಬೀದಿಗೆ ಗೋಡೆ ಹಾಕುತ್ತಾನೆ. ಯಾರವನು?" ಎಂದಳು.

ಪಕ್ಕದ ಸೀಮೆಯ ರಾಜಕುಮಾರ ಮೀಸೆ ತಿರುವಿ, "ಗೆದ್ದಲು" ಅಂದ. ಸೆರೆಮನೆ ಸೇರಿದ. ಅರಮನೆ ವೈದ್ಯ ಗುಂಡಾಜೋಯಿಸರು ಬಹಳ ಹೊತ್ತು ಕಣ್ಣುಮುಚ್ಚಿ, "ಜೇಡ" ಅಂದರು. ಅವರೂ ಅಲ್ಲಿಗೇ ಹೋದರು.

ಆಗ ಕೆಸರುಗಾಲಲ್ಲಿ ಎದ್ದು ನಿಂತವನು ಮುದ್ದೀರ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ. ಅವನ ಅವ್ವ ಸಾತಮ್ಮ ಜ್ವರದ ಮನೆಯಲ್ಲಿದ್ದಳು. ದಿನವೂ ಅಂಬಲಿ ತಂದು ಕಿಟಕಿಯಲ್ಲಿ ಕೊಟ್ಟು ಅವಳನ್ನು ನೋಡಿ ಬರುತ್ತಿದ್ದ. ನಿನ್ನೆಯಿಂದ ಅವಳ ಎಡಗಾಲು ಊದಿತ್ತು. ಬೀಗದಕೈ ಸಿಕ್ಕರೆ ಅವ್ವ ಉಳಿದಾಳು ಅನ್ನುವುದೊಂದೇ ಅವನ ಆಸೆ.

"ತಲೆಯ ಮೇಲೆ ಆಸೆ ಇಲ್ವೇನಪ್ಪ?" ಎಂದು ದೊರೆ ಕೇಳಿದ.

"ಬುದ್ಧಿ, ಇದು ಅವ್ವ ಕೊಟ್ಟ ತಲೆ. ಅವಳಿಗಾಗೇ ಹೋಗಲಿ. ಅಮ್ಮಣ್ಣಿಯವರೇ, ನಿಮ್ಮ ಗೌಂಡಿ ಹೆಪ್ಪುಗಟ್ಟೋ ನೆತ್ತರು. ಕುಡುಗೋಲು ತಾಗಿದರೆ ಗಾಯ ಮುಚ್ಚೋದು ಅದೇ. ಜ್ವರದಲ್ಲಿ ಅದಕ್ಕೆ ದಿಕ್ಕು ತಪ್ಪಿ ಒಳಗಿನ ನಾಳದಲ್ಲೇ ಕಟ್ಟಿಕೊಳ್ತದೆ."

ರಾಜಕುಮಾರಿಯ ಮುಖ ಅರಳಿತು. "ಒಂದೇ ಮನೆ. ಒಂದು ಬಾಗಿಲು ತೆರೆಯದು, ಇನ್ನೊಂದು ಮುಚ್ಚದು. ಏಕೆ?"

"ಮನೆ ಅಂದರೆ ಮೈ. ನಮ್ಮವ್ವನಿಗೆ ಕಾಲಲ್ಲಿ ನೆತ್ತರು ಕಟ್ಟಿದೆ, ವಸಡಲ್ಲಿ ನಿಲ್ಲದೆ ಒಸರ್ತಿದೆ. ಗೌಂಡಿ ಗಾರೆಯನ್ನೆಲ್ಲ ಬೀದಿಗೆ ಸುರಿದರೆ ಗೋಡೆಗೆ ಉಳಿಯೋದೇನು?"

ರಾಜಕುಮಾರಿ ಮೆಲ್ಲಗೆ ಹೇಳಿದಳು: "ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಆ ಹುಚ್ಚು ಗೌಂಡಿಗೆ ಕಲ್ಲು ಹೊತ್ತು ಕೊಡುವ ಮನೆಯವರು ಯಾರು?"

ಮುದ್ದೀರ ತಲೆ ಕೆರೆದುಕೊಂಡ. ಕಿಟಕಿಯಲ್ಲಿ ಕಂಡದ್ದೆಲ್ಲ ನೆನಪಾಯಿತು. ಜ್ವರ ಮೇಲೇರದಿರಲಿ ಎಂದು ಮೊಣಕಾಲ ಕೆಳಗೆ ಬಿಗಿಯಾಗಿ ಕೆಂಪು ಬಟ್ಟೆ ಕಟ್ಟುವುದು ಸಿರಿಗೋಡಿನ ಪದ್ಧತಿ. ಜ್ವರದವರಿಗೆ ನೀರು ಕೊಡಬಾರದು, ಅವರು ಮಗ್ಗುಲೂ ಬದಲಿಸಬಾರದು ಎಂಬ ಕಟ್ಟಳೆಯೂ ಇತ್ತು.

"ತಪ್ಪು ತಿಳೀಬೇಡಿ, ನಾವೇ" ಅಂದ. "ಕಾಲುವೆಗೆ ನೀರು ಕಡಿಮೆ ಬಿಟ್ಟು, ಅಡ್ಡ ಕಟ್ಟೆ ಹಾಕಿ, ಹರಿಯದ ಹಾಗೆ ನಿಲ್ಲಿಸಿದರೆ ಹೂಳು ತುಂಬದೆ ಇನ್ನೇನಾದೀತು? ಆ ಕೆಂಪು ಬಟ್ಟೆ ರಕ್ಷೆ ಅಂತ ಪ್ರೀತಿಯಿಂದಲೇ ಕಟ್ಟಿದ್ದೀವಿ. ಬಿಚ್ಚಿಸಿ. ನೀರು ಕೊಡಿಸಿ. ಕೈಕಾಲು ಆಡಿಸಲಿ. ಊದಿದ ಕಾಲನ್ನು ಮಾತ್ರ ಯಾರೂ ತಿಕ್ಕಬೇಡಿ, ಕಟ್ಟಿದ ನೆತ್ತರು ಕಳಚಿ ಹೋಗಿ ಉಸಿರಿಗೆ ಅಡ್ಡ ಬಂದೀತು."

ರಾಜಕುಮಾರಿ ಸೊಂಟದ ಬೀಗದಕೈ ತೆಗೆದು ಅವನ ಕೈಗಿಟ್ಟಳು. ಅವನು ಓಡಿದ, ಅವಳೂ ಹಿಂದೆಯೇ ಓಡಿದಳು. ಆ ಮಧ್ಯಾಹ್ನವೇ ಇಬ್ಬರೂ ಕೂತು ಹಾಸಿಗೆ ಹಾಸಿಗೆಯಲ್ಲೂ ಕಾಲಿಗೆ ಕಟ್ಟಿದ ಬಟ್ಟೆಯ ಗಂಟು ಬಿಚ್ಚಿದರು. ವಾರ ಕಳೆಯುವುದರೊಳಗೆ ಸಾವು ನಿಂತು, ಜ್ವರದ ಮನೆಯಲ್ಲಿ ನಗು ಕೇಳತೊಡಗಿತು.

"ಇನ್ನೇನು ಬೇಕು?" ಎಂದ ದೊರೆ.

"ಸೆರೆಯಲ್ಲಿರೋ ಇಬ್ಬರ ತಲೆ ಬೇಕು, ಬುದ್ಧಿ. ಮೈ ಸಮೇತ. ಜ್ವರದ ಮನೆಗೆ ನೀರು ಹೊರೋಕೆ ಆಳು ಸಾಲದು."

ಅಮಾವಾಸ್ಯೆಯ ದಿನ ಗೆದ್ದಲು ರಾಜಕುಮಾರ ಕೊಡ ಹೊತ್ತ, ಜೇಡದ ಜೋಯಿಸರು ಲೋಟ ಹಂಚಿದರು. ಮುಂದಿನ ಹುಣ್ಣಿಮೆಗೆ ಮದುವೆ. ರಾಜಕುಮಾರಿ ಒಪ್ಪಿದಳೋ ಎಂದು ಕೇಳಬೇಡಿ, ದಿನ ನೋಡಿಸಿದವಳೇ ಅವಳು. ಸಾತಮ್ಮನಿಗೆ ಪಲ್ಲಕ್ಕಿ ಬಂತು. ಅವಳು ಅದನ್ನು ವಾಪಸು ಕಳಿಸಿದಳು.

"ಈ ಕಾಲಿಗೋಸ್ಕರ ನನ್ನ ಮಗ ತಲೆ ಪಣ ಇಟ್ಟವನು. ನಡೆದೇ ಬರ್ತೀನಿ" ಅಂದಳು. ಸೊಸೆಯ ಭುಜ ಹಿಡಿದು ಚಪ್ಪರದವರೆಗೂ ನಡೆದೇ ಬಂದಳು.