ಸೇತುವೆಯ ತನಕ ಬಂದ ಕಾರು

“ಗುರುಗಳೇ, ಪೆಟ್ರೋಲ್ ಕಾರು ಒಳ್ಳೆಯದೋ, ಡೀಸೆಲ್ ಕಾರು ಒಳ್ಳೆಯದೋ?”

ಕೇಳಿದವನು ಇಂದುಧರ. ಆಯುರ್ವೇದ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿದ್ದ. ಸಂಜೆ ಹೊತ್ತು ಹಿರಿಯ ವೈದ್ಯರೊಬ್ಬರ ಬಳಿ ಗಿಡಮೂಲಿಕೆಗಳ ಪಾಠಕ್ಕೆ ಬರುತ್ತಿದ್ದ. ಅವನ ಸೋದರಮಾವ ಕಾರು ಕೊಡಿಸುವುದಾಗಿ ಹೇಳಿ, ಯಾವುದು ಬೇಕೆಂದು ತೀರ್ಮಾನಿಸುವುದನ್ನು ಅವನಿಗೇ ಬಿಟ್ಟಿದ್ದರು. ಹದಿನೈದು ದಿನದಿಂದ ಅವನ ತಲೆಯಲ್ಲಿ ಬೇರೆ ಯಾವ ಪಾಠವೂ ನಿಲ್ಲುತ್ತಿರಲಿಲ್ಲ.

“ದಿನಕ್ಕೆ ಎಷ್ಟು ದೂರ ಓಡಿಸುತ್ತೀಯ?” ಎಂದರು ಗುರುಗಳು.

“ರೂಮಿನಿಂದ ಕಾಲೇಜಿಗೆ, ಅಷ್ಟೇ. ಆದರೆ ಡೀಸೆಲ್ ಇದ್ದರೆ ಊರಿಗೂ ಆಗಾಗ ಹೋಗಿಬರಬಹುದು. ದೊಡ್ಡಮ್ಮ ಕರೆಯುತ್ತಲೇ ಇರುತ್ತಾರೆ.”

ಗುರುಗಳು ಕೈಯಲ್ಲಿದ್ದ ಬೇರನ್ನು ಕೆಳಗಿಟ್ಟರು. ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವನ ಅಕ್ಕ. ಅವಳನ್ನು ಕೊಟ್ಟದ್ದು ಹೊಳೆಯಾಚೆಯ ಒಂದು ಊರಿಗೆ. ಗಂಡ ತೀರಿಹೋದ ಮೇಲೂ ಅವಳು ಅಲ್ಲೇ ಉಳಿದಳು. ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಲಾರದಾದಳು. ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಮಾತು, “ಯಾವಾಗ ಬರ್ತೀಯೋ?”

ವ್ಯಾಪಾರಿ ಡೀಸೆಲ್ ಕಾರು ಕೊಳ್ಳುತ್ತಾನೆಂದು ತಿಳಿದು ಪಕ್ಕದ ಅಂಗಡಿಯವನು ನಕ್ಕ. “ಅಂಗಡಿಯಲ್ಲಿ ನಿಂತು ಕೂಗಿದರೆ ನಿಮ್ಮ ಮನೆಗೆ ಕೇಳಿಸುತ್ತೆ. ನಿಮಗ್ಯಾಕ್ರೀ ಡೀಸೆಲ್ಲು?”

“ಅಕ್ಕನ ಊರಿಗೆ ವಾರವಾರ ಹೋಗಬೇಕು. ದೂರದ ಓಡಾಟಕ್ಕೆ ಡೀಸೆಲ್ಲೇ ಸರಿ,” ಎಂದ ವ್ಯಾಪಾರಿ. ಅವನು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಅವನ ಮನಸ್ಸಿನಲ್ಲಿದ್ದದ್ದೇ ಅದು.

ಕಾರು ಬಂದ ವಾರ ಹೋದ. ಅಕ್ಕ ಆರತಿ ಎತ್ತಿದಳು. ಮುಂದಿನ ಸೀಟಿನಲ್ಲಿ ಕೂತು ಊರನ್ನು ಎರಡು ಸುತ್ತು ಹಾಕಿಸಿಕೊಂಡಳು. ಕಂಡಕಂಡವರಿಗೆಲ್ಲ ಕಿಟಕಿಯಿಂದ “ನನ್ನ ತಮ್ಮ” ಎಂದು ಹೇಳಿದಳು. ಮರುವಾರ ಮದುವೆಗಳ ವ್ಯಾಪಾರ ಜೋರಾಯಿತು. ಅದರ ಮರುವಾರ ಹೊಸ ಸರಕು ಬಂತು. ಮುಂದಿನ ತಿಂಗಳು ಹೋದರಾಯಿತು ಎಂದುಕೊಂಡ. ಹೀಗೆಯೇ ತಿಂಗಳುಗಳು ಹೋದವು. ಕಾರು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಾಡಿಕೊಂಡಿತ್ತು.

ಒಂದು ದಿನ ಸ್ಟೇರಿಂಗಿನ ಮುಂದೆ ಹಳದಿ ದೀಪವೊಂದು ಹತ್ತಿತು. ಏನು ಮಾಡಿದರೂ ಆರಲಿಲ್ಲ. ಮೆಕ್ಯಾನಿಕ್ ನೋಡಿ ತಲೆಯಾಡಿಸಿದ.

“ಏನು ಸಾಹುಕಾರ್ರೇ, ಓಡೋ ಎತ್ತನ್ನ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸ್ತಿದ್ದೀರಲ್ಲ! ಹೊಗೆ ಸೋಸೋ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಂಡಿದೆ. ಗಲ್ಲಿಯೊಳಗೇ ಓಡಿಸಿದರೆ ಅದು ಕಾಯಲ್ಲ, ಮಸಿ ಸುಡಲ್ಲ. ಪೆಟ್ರೋಲ್ ಗಾಡಿಗೆ ಈ ಕಾಟ ಇಲ್ಲ. ವಾರಕ್ಕೊಂದು ಸಲ ಹೆದ್ದಾರಿಗೆ ಬಿಡಿ. ಅರ್ಧ ಗಂಟೆ ನಿಲ್ಲಿಸದೆ ಓಡಿಸಿ, ಸಾಕು. ಇಲ್ಲದಿದ್ದರೆ ಗಾಡಿ ಕೆಟ್ಟು ಕೂರುತ್ತೆ.”

ಅಂದಿನಿಂದ ವ್ಯಾಪಾರಿ ಪ್ರತಿ ಭಾನುವಾರ ಬೆಳಗ್ಗೆ ಹೆದ್ದಾರಿಗೆ ಹೋಗತೊಡಗಿದ. ಅವನಿಗೆ ಅಭ್ಯಾಸವಿದ್ದದ್ದು ಅಕ್ಕನ ಊರಿನ ದಾರಿ. ಅರ್ಧ ಗಂಟೆಗೆ ಹೊಳೆಯ ಸೇತುವೆ ಬರುತ್ತಿತ್ತು. ಅಲ್ಲಿಂದ ಅಕ್ಕನ ಊರು ಎಂಟು ಕಿಲೋಮೀಟರ್ ಎಂದು ಕಲ್ಲಿನ ಮೇಲೆ ಬರೆದಿತ್ತು. ಅವನು ಅದನ್ನು ಓದುತ್ತಿದ್ದ. ಹೋದರೆ ಅಕ್ಕ ಊಟ ಮಾಡಿಸದೆ ಕಳಿಸುವವಳಲ್ಲ, ಅರ್ಧ ದಿನ ಹಿಡಿಯುತ್ತದೆ, ಅಂಗಡಿ ತೆಗೆಯುವವರು ಯಾರು? ಬಿಡುವು ಮಾಡಿಕೊಂಡೇ ಬರೋಣ ಎಂದುಕೊಂಡು ಸೇತುವೆಯ ಬಳಿ ಕಾರು ತಿರುಗಿಸುತ್ತಿದ್ದ. ಹಳದಿ ದೀಪ ಮತ್ತೆ ಹತ್ತಲಿಲ್ಲ. ಮೆಕ್ಯಾನಿಕ್ ಮೆಚ್ಚಿದ.

ಹೀಗೆ ಒಂದೂವರೆ ವರ್ಷ ನಡೆಯಿತು. ಆ ನಡುವೆ ಅಕ್ಕ ಫೋನಿನಲ್ಲಿ “ಯಾವಾಗ ಬರ್ತೀಯೋ” ಎಂದು ಕೇಳುವುದನ್ನು ನಿಲ್ಲಿಸಿದಳು. ಮಕ್ಕಳು ಹೇಗಿದ್ದಾರೆ, ಮಳೆ ಬಂತಾ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದಳು. ವ್ಯಾಪಾರಿಗೆ ಒಂದು ಭಾರ ಇಳಿದಂತಾಯಿತು.

ಅಕ್ಕ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಸುದ್ದಿ ಬಂದ ದಿನ ಕಾರು ಸೇತುವೆ ದಾಟಿತು.

ಮಣ್ಣು ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಹೆಂಗಸು ಅವನಿಗೆ ನೀರು ತಂದುಕೊಟ್ಟಳು. ಕೊಟ್ಟವಳು ಅಲ್ಲೇ ನಿಂತಳು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಣ್ಣಾ. ಭಾನುವಾರ ನಾನು ಸೇತುವೆ ಹತ್ತಿರ ಸೀಬೆಹಣ್ಣು ಮಾರ್ತೀನಿ. ನಿಮ್ಮ ಕಾರು ಬರೋದು, ಅಲ್ಲೇ ತಿರುಗಿ ಹೋಗೋದು, ವಾರವಾರ ನೋಡಿದ್ದೀನಿ. ಬಾಯಿ ತಡೀಲಿಲ್ಲ, ಅಕ್ಕನಿಗೆ ಹೇಳಿಬಿಟ್ಟೆ. ಅವತ್ತಿಂದ ಅವರದು ಒಂದೇ ಯೋಚನೆ. ‘ಅವನಿಗೆ ನಾನು ಏನಂದೆ? ಯಾವಾಗ ಅಂದೆ? ಅಲ್ಲಿವರೆಗೆ ಬರ್ತಾನೆ, ನನ್ನ ಮುಖ ನೋಡೋಕೆ ಮನಸ್ಸಾಗಲ್ಲ’ ಅನ್ನೋರು. ಬಾ ಅಂತ ಕರೆದು ನಿಮ್ಮನ್ನ ಇಕ್ಕಟ್ಟಿಗೆ ಸಿಕ್ಕಿಸಬಾರದು ಅಂತ ಕರೆಯೋದನ್ನೇ ಬಿಟ್ಟರು. ಅಷ್ಟಕ್ಕೂ ನಿಮಗೆ ಅವರ ಮೇಲೆ ಏನು ಸಿಟ್ಟಿತ್ತಣ್ಣಾ?”

ಸಿಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಇರಲಿಲ್ಲ. ಹಾಗೆಂದು ಹೇಳಲು ವ್ಯಾಪಾರಿ ಬಾಯಿ ತೆರೆದ. ಹೇಳಿದರೆ, ಹಾಗಾದರೆ ಸೇತುವೆಯ ತನಕ ಯಾಕೆ ಬರುತ್ತಿದ್ದಿರಿ ಎಂದು ಅವಳು ಕೇಳುತ್ತಾಳೆ. ಕಾರಿನ ಮಸಿ ಸುಡಲು ಬರುತ್ತಿದ್ದೆ ಎನ್ನಬೇಕಾಗುತ್ತದೆ. ಅಕ್ಕನ ಮನೆಯ ಜಗಲಿಯಲ್ಲಿ ಕೂತು ಆ ಮಾತನ್ನು ಹೇಗೆ ಆಡುವುದು? ಸಿಟ್ಟಿತ್ತು ಎಂದುಬಿಟ್ಟರೆ, ಬಂದದ್ದು ಅಕ್ಕನಿಗಾಗಿ ಎಂದಾದರೂ ಉಳಿಯುತ್ತದೆ.

“ಇತ್ತಮ್ಮ, ಏನೋ ಒಂದು ಸಣ್ಣ ಸಿಟ್ಟು,” ಎಂದ.

ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಏನು ತಪ್ಪು ಮಾಡಿದ್ದರೋ,” ಎಂದು ಒಳಗೆ ಹೋದಳು.

ತಾನು ಎಂಥ ಮಾತು ಆಡಿಬಂದೆ ಎಂಬುದು ವ್ಯಾಪಾರಿಗೆ ಹೊಳೆದದ್ದು ವಾಪಸು ಬರುವಾಗ, ಅರ್ಧ ದಾರಿಯಲ್ಲಿ. ಬದುಕಿದ್ದಾಗ ಅಕ್ಕ ಎಷ್ಟು ಹುಡುಕಿದರೂ ಸಿಗದೆ ಹೋದ ತಪ್ಪನ್ನು, ಸತ್ತ ಮೇಲೆ ಅವನು ಅವಳ ಮೇಲೆ ಹೊರಿಸಿ ಬಂದಿದ್ದ. ಅವನು ಕಾರು ನಿಲ್ಲಿಸಿದ. ಹಿಂದಕ್ಕೆ ಹೋಗಿ ನಿಜ ಹೇಳಬೇಕೆಂದುಕೊಂಡ. ಬಹಳ ಹೊತ್ತು ಅಲ್ಲೇ ಇದ್ದು, ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು.  ಇಂದುಧರ ಮೆಲ್ಲಗೆ ಕೇಳಿದ, “ಹಾಗಾದರೆ ಪೆಟ್ರೋಲೇ ವಾಸಿ ಎನ್ನುತ್ತೀರಾ ಗುರುಗಳೇ?”

“ಪೆಟ್ರೋಲ್ ಕಾರಾಗಿದ್ದರೆ ಅವನು ಸೇತುವೆಯ ತನಕವೂ ಬರುತ್ತಿರಲಿಲ್ಲ, ಮಗು.”