ಹನ್ನೆರಡು ಶಾಲು

ನಮ್ಮೂರ ಊದುಬತ್ತಿ ಕಾರ್ಖಾನೆಯಲ್ಲಿ ಬೋರಲಿಂಗ ಅಂತ ಒಬ್ಬನಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಕಷ್ಟ! ಮೂರು ಕಡೆ ಕೆಲಸ ಕಳೆದುಕೊಂಡು ಇಲ್ಲಿಗೆ ಬಂದಿದ್ದ. ಅವನವ್ವ ಕೆಂಪಾಜಮ್ಮ ದಿನಾ ಬುತ್ತಿ ಕಟ್ಟುತ್ತಾ, "ಇದೂ ಹೋದ್ರೆ ಇನ್ಯಾರೂ ನಿನ್ನ ಸೇರಿಸಲ್ಲ ಕಣೋ ಮಗನೇ" ಅಂತ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ಕಾರ್ಖಾನೆಯಲ್ಲಿ ತಿಂಗಳಿಗೊಬ್ಬರು ಒಳ್ಳೆ ಕೆಲಸದವರನ್ನು ಆರಿಸಿ ಶಾಲು ಹೊದಿಸಿ, ಹಾರ ಹಾಕಿ, ಚಪ್ಪಾಳೆ ತಟ್ಟಿಸುತ್ತಿದ್ದರು. ಆದರೂ ಯಾರ ಮುಖದಲ್ಲೂ ನಗುವಿಲ್ಲ. ಸಾಹುಕಾರರಿಗೆ ಯೋಚನೆ ಹತ್ತಿತು.

"ಬೋರಲಿಂಗ, ನಾವು ಕೊಟ್ಟ ಶಾಲುಗಳಿಂದ ಏನಾದ್ರೂ ಉಪಯೋಗ ಆಗಿದ್ಯಾ, ನೋಡ್ಕೊಂಡು ಬಾ!"

ಹೋದ. ನೋಡಿದ. ಬಂದ.

"ತುಂಬಾ ಉಪಯೋಗ ಆಗಿದೆ ಸಾಹುಕಾರ್ರೆ! ಹನ್ನೊಂದು ಶಾಲೂ ಇಲ್ಲೇ ಕೆಲಸ ಮಾಡೋ ನಿಮ್ಮ ಬಾಮೈದ ಚಿಕ್ಕವೀರಯ್ಯನವರ ಮನೇಲೇ ಅವೆ. ಒಂದು ಕಿಟಕಿಗೆ, ಒಂದು ಟೀವಿಗೆ, ಒಂದು ನಾಯಿ ಮಲಗೋಕೆ..."

"ಥೂ ಪೆದ್ದ! ಕಿಟಕಿ ಕತೆ ಯಾರಿಗೆ ಬೇಕು? ಜನರನ್ನ ಕೇಳು! ಯಾರಿಗೆ ಶಾಲು ಸಲ್ಲಬೇಕು ಅಂತ ಚೀಟಿ ಬರೆಸು. ಹೆಸರು ಮಾತ್ರ ಗುಟ್ಟಾಗಿರ್ಲಿ!"

ಬರೆಸಿದ. ಮೂವತ್ತಾರು ಚೀಟಿ ಬಂದವು. ಬೋರಲಿಂಗ ಬೇವಿನ ಮರದ ಕೆಳಗೆ ಕೂತು ಒಂದೊಂದು ಹೆಸರಿಗೂ ಚೆನ್ನಾಗಿ ಮಸಿ ಬಳಿದ. ಗುಟ್ಟು ಅಂದರೆ ಗುಟ್ಟು!

"ಇನ್ನೊಂದು ತಪ್ಪು ಮಾಡಿದ್ರೆ ಮನೆಗೆ ನಡಿ!" ಅಂದುಬಿಟ್ಟರು ಸಾಹುಕಾರರು.

ಕೆಂಪಾಜಮ್ಮ ಹಣೆ ಹಣೆ ಚಚ್ಚಿಕೊಂಡಳು. "ಬರೆದದ್ದಕ್ಕೆ ಮಸಿ ಬಳೀತಾರೇನೋ! ಇನ್ಮೇಲೆ ಯಾರು ಏನು ಬರೆದುಕೊಟ್ರೂ ಜೋರಾಗಿ ಓದು. ಒಂದಕ್ಷರ ಬಿಡಬೇಡ!"

"ಆಗ್ಲಿ ಕಣವ್ವ!"

ಶಾಲು ಹೊದಿಸುವ ದಿನ ಬಂತು. ಲೆಕ್ಕ ಬರೆದು, ಹೆಸರು ಕೂಗುವ ರೈಟರು ಆವತ್ತೇ ರಜೆ. ಸಾಹುಕಾರರು ಅವಸರದಲ್ಲಿ, ರೈಟರಿಗೆಂದು ಬರೆದಿಟ್ಟಿದ್ದ ಚೀಟಿಯನ್ನೇ ಬೋರಲಿಂಗನ ಕೈಗಿಟ್ಟು "ಹೆಸರು ಕೂಗೋ!" ಅಂದರು. ಬೋರಲಿಂಗ ಮೈಕು ಹಿಡಿದ.

"ಈ ಸಲವೂ ನನ್ನ ಬಾಮೈದನಿಗೇ ಹೊದಿಸಿ. ಇಲ್ಲದಿದ್ದರೆ ಮನೆಯವಳು ಮಾತು ಬಿಡುತ್ತಾಳೆ. ಈ ಸಂಗತಿ ಯಾರ ಕಿವಿಗೂ ಬೀಳಬಾರದು!"

ಕಾರ್ಖಾನೆಯವರೆಲ್ಲ ತಿರುಗಿ ಚಿಕ್ಕವೀರಯ್ಯನ ಕಡೆ ನೋಡಿದರು. ಮಗ ಮರೆತ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ಕೆಂಪಾಜಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಮುಗೀತು, ಇದೂ ಹೋಯಿತು!

ಆಗ ಎದ್ದವನು ಚಿಕ್ಕವೀರಯ್ಯನೇ.

"ಉಸ್ಸಪ್ಪಾ! ಸಾಕಾಗಿತ್ತು ಭಾವ! ಈ ಶಾಲು ಹೊದ್ದಾಗಿನಿಂದ ನನ್ ಜೊತೆ ಯಾರೂ ಟೀ ಕೂಡ ಕುಡೀತಿರ್ಲಿಲ್ಲ. ಎಲ್ಲರಿಗಿಂತ ಹೆಚ್ಚು ಬತ್ತಿ ಹೊಸೆಯೋಳು ಆ ಮಾಳಮ್ಮ. ನನ್ನ ಹನ್ನೊಂದೂ ಅವಳಿಗೇ ಸಲ್ಲಬೇಕಿತ್ತು!"

ಹೋ ಅಂತ ಚಪ್ಪಾಳೆ! ಯಾರೂ ತಟ್ಟಿಸದೆ ಬಿದ್ದ ಚಪ್ಪಾಳೆ ಅದೇ ಮೊದಲು. ಬಾಮೈದನೇ ಬೇಡ ಅಂದಮೇಲೆ ಸಾಹುಕಾರರಿಗೂ ಎದೆ ಹಗುರಾಯಿತು.

"ಯಾರಿಗೆ ಸಲ್ಲಬೇಕು ಅಂತ ಕೇಳಿದ್ದಕ್ಕೆ ಅಂತೂ ಉತ್ತರ ತಂದ್ಯಲ್ಲೋ! ನಿನ್ನ ಕೆಲಸಕ್ಕೇನೂ ಭಯವಿಲ್ಲ. ಹೋಗು, ಮಾಳಮ್ಮನಿಗೆ ಸಲ್ಲಬೇಕಾದ್ದನ್ನೆಲ್ಲ ಹೊದಿಸು!"

ಕೆಂಪಾಜಮ್ಮ ಸೆರಗು ತೆಗೆದು ಉಸಿರು ಬಿಟ್ಟಳು. ಬೋರಲಿಂಗ ಓಡಿದ. ಕಿಟಕಿಯದು, ಟೀವಿಯದು, ನಾಯಿಯದು, ಎಲ್ಲ ಹೊತ್ತು ತಂದ. ಹೊದಿಸಿದ, ಹೊದಿಸಿದ, ಹೊಸದೂ ಸೇರಿಸಿ ಹನ್ನೆರಡೂ ಹೊದಿಸಿದ. ಮಾಳಮ್ಮ ಕಾಣಿಸಲೇ ಇಲ್ಲ. ಒಳಗಿಂದ ದನಿ ಮಾತ್ರ ಬಂತು.

"ಬೇಸಿಗೆ ಕಣಪ್ಪಾ! ಸೆಕೆ!"

"ಅಲ್ಲಾಡಬೇಡ ಅಕ್ಕಾ," ಅಂದ ಬೋರಲಿಂಗ, "ಇನ್ನೂ ಹನ್ನೊಂದು ಹಾರ ಹುಡುಕ್ಕೊಂಡು ಬರ್ತೀನಿ!"