ಹಣಿಗೆವ್ವನ ಗುಡ್ಡ

ಕೆಂಜಾಳದಿಂದ ಪಡುವಣಕ್ಕೆ ಹೊರಟರೆ, ಜೋಳದ ಹೊಲಗಳು ಮುಗಿದು ಕೆಂಪು ನೆಲ ಶುರುವಾಗುವಲ್ಲಿ ಒಂದು ಗುಡ್ಡ ಅಡ್ಡ ಮಲಗಿದೆ. ಅದು ಅಂಥ ಎತ್ತರದ್ದೇನೂ ಅಲ್ಲ. ನೆತ್ತಿಯುದ್ದಕ್ಕೂ ಮರಳುಗಲ್ಲಿನ ಬಂಡೆಗಳು ಸಾಲಾಗಿ ಸೆಟೆದು ನಿಂತಿವೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ, ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದಲ್ಲ, ಅದಕ್ಕೇ ಇದು ಹಣಿಗೆ ಗುಡ್ಡ ಎಂದು ತಾವೇ ಅರ್ಥ ಹೇಳಿಕೊಳ್ಳುತ್ತಾರೆ. ಕೆಂಜಾಳದ ಹಿರಿಯರು ಇದನ್ನು ಒಪ್ಪುವುದಿಲ್ಲ. ಅವರ ಬಾಯಲ್ಲಿ ಅದು ಹಣಿಗೆವ್ವನ ಗುಡ್ಡ. ನೆತ್ತಿಯ ಬಂಡೆಗಳಿಗೂ ಹೆಸರಿಗೂ ಸಂಬಂಧವಿಲ್ಲ, ಹೆಸರು ಒಬ್ಬ ಹೆಂಗಸಿನದು, ನೋಡಬೇಕಾದದ್ದು ನೆತ್ತಿಯನ್ನಲ್ಲ, ಮೂಡಣ ಮಗ್ಗುಲನ್ನು ಎನ್ನುತ್ತಾರೆ. ಆ ಮಗ್ಗುಲಲ್ಲಿ ಬೀರಪ್ಪನ ಚಿಕ್ಕ ಗುಡಿಯಿದೆ. ಗುಡಿಯ ಎದುರಿಗೆ, ಒಂದಕ್ಕಿಂತ ಒಂದು ತುಸು ತಗ್ಗಿನಲ್ಲಿ, ಎರಡು ಕಲ್ಲುಗಳಿವೆ. ಕೂತು ಕೂತು ಸವೆದಂತೆ ಎರಡರ ನಡುವೆಯೂ ಗುಳಿ ಬಿದ್ದಿದೆ.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಹೊಲಕ್ಕಿಂತ ಹುಲ್ಲುಗಾವಲೇ ಹೆಚ್ಚಾಗಿದ್ದ ಕಾಲದಲ್ಲಿ, ಗುಡ್ಡದ ಬುಡಕ್ಕೆ ಕುರಿಗಾರರ ಹಟ್ಟಿಯೊಂದಿತ್ತು. ಆ ಹಟ್ಟಿಯಲ್ಲಿ ಸುರವ್ವ ಎಂಬ ಹೆಣ್ಣುಮಗಳು ತನ್ನ ಗಂಡ ಅಮೋಗಿ, ಇಬ್ಬರು ಗಂಡುಮಕ್ಕಳು ಮತ್ತು ಇನ್ನೂ ಸರಿಯಾಗಿ ನಡೆಯಲು ಬಾರದ ಭರಮಿ ಎಂಬ ಮಗಳೊಂದಿಗೆ ಬಾಳುತ್ತಿದ್ದಳು. ಮಾತುಗಾತಿ, ನಗೆಗಾತಿ. ಅವಳು ಉಣ್ಣೆ ನೂಲಲು ಕೂತರೆ ಸುತ್ತ ನಾಲ್ಕು ಮಂದಿ ಸೇರುತ್ತಿದ್ದರಂತೆ. ಒಂದು ಮಳೆಗಾಲದ ಮಧ್ಯಾಹ್ನ, ಇಡೀ ಸಂಸಾರ ಕುರಿಹಿಂಡಿನೊಂದಿಗೆ ಹಳ್ಳ ದಾಟಬೇಕಾಯಿತು. ಹಳ್ಳದಲ್ಲಿ ನೀರು ಮೊಳಕಾಲಿಗೂ ಇರಲಿಲ್ಲ. ಮಳೆ ಬಿದ್ದದ್ದು ಮೇಲೆಲ್ಲೋ ದೂರದಲ್ಲಿ. ಅಮೋಗಿ ಕಿರಿಯ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಹಿರಿಯವನ ಕೈ ಹಿಡಿದು ನಡು ಹಳ್ಳದಲ್ಲಿದ್ದಾಗ ಕೆಂಪು ನೀರು ಗೋಡೆಯಂತೆ ಬಂತು. ಸುರವ್ವ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಈಚೆ ದಡದಲ್ಲಿ ನಿಂತಿದ್ದಳು. ನೀರಿಗೆ ಇಳಿಯಬೇಕೆಂದು ಹೆಜ್ಜೆ ಎತ್ತಿದಳು. ಕೂಸು ಅವಳ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಿತು. ಅವಳು ಇಳಿಯಲಿಲ್ಲ. ಅಷ್ಟರಲ್ಲಿ ನೋಡುವುದಕ್ಕೆ ಏನೂ ಉಳಿದಿರಲಿಲ್ಲ.

ಆಮೇಲೆ ಸುರವ್ವ ಅಳಲಿಲ್ಲ. ಸಿಕ್ಕ ಹೆಣಗಳನ್ನು ಮಣ್ಣು ಮಾಡುವಾಗಲೂ ಅಳಲಿಲ್ಲ, ಕುಲದವರು ಬಂದು ಎದೆ ಬಡಿದುಕೊಂಡು ಅತ್ತಾಗಲೂ ಅಳಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಬಾವಿಗೆ ಹೋದವಳು ತುಂಬಿದ ಕೊಡ ಹಿಡಿದು, ಯಾರಾದರೂ ಮನೆಗೆ ನಡೆ ಎನ್ನುವವರೆಗೂ ಅಲ್ಲೇ ನಿಂತಿರುತ್ತಿದ್ದಳು. ಒಮ್ಮೆ ರೊಟ್ಟಿ ಬೇಯಿಸುವಾಗ ಕಾದ ಹಂಚಿನ ಮೇಲೆ ಅಂಗೈ ಇಟ್ಟುಬಿಟ್ಟಿದ್ದಳು. ಕೈ ಸುಟ್ಟಿದ್ದು ಅವಳಿಗೆ ತಿಳಿದದ್ದು ವಾಸನೆಯಿಂದ. ಭರಮಿಯನ್ನು ಅವಳು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಅದರ ಕಡೆ ನೋಡುತ್ತಲೂ ಇರಲಿಲ್ಲ. ಕೂಸು ಅಮೋಗಿಯ ಅಕ್ಕ ಬಾಳವ್ವ ಹಾಕಿದ ಕೂಳು ತಿಂದು, ಕುರಿಮರಿಗಳ ನಡುವೆ ಹೊರಳಾಡಿ ಬೆಳೆಯಿತು. ಅದರ ತಲೆಗೆ ಎಣ್ಣೆಯಿಲ್ಲ, ನೀರಿಲ್ಲ. ಕೂದಲು ಮೊದಲು ಸಿಕ್ಕಾಯಿತು, ಆಮೇಲೆ ಗಂಟಾಯಿತು, ಕೊನೆಗೆ ಕಂಬಳಿಯ ತುಂಡಿನಂತೆ ಒಂದೇ ಜಡೆಯಾಗಿ ಬೆನ್ನಿಗೆ ಇಳಿಬಿತ್ತು.

ಆ ಕಾಲಕ್ಕೆ ಹೆಣ್ಣುಮಕ್ಕಳ ತಲೆಯಲ್ಲಿ ತಾನಾಗಿ ಜಡೆ ಕಟ್ಟಿದರೆ ದೇವಿ ಆ ಮಗುವನ್ನು ಬೇಡುತ್ತಿದ್ದಾಳೆ ಎಂದು ಜನ ತಿಳಿಯುತ್ತಿದ್ದರು. ಅಂಥ ಮಗುವನ್ನು ಗುಡಿಗೆ ಬಿಟ್ಟುಬರುವ ರೂಢಿಯಿತ್ತು. ಬಿಟ್ಟ ಮೇಲೆ ಅದು ತಾಯಿಯದಲ್ಲ. ಬಾಳವ್ವ ಕೆಟ್ಟ ಹೆಂಗಸೇನೂ ಆಗಿರಲಿಲ್ಲ. ಆದರೆ ಅವಳಿಗೂ ಮಕ್ಕಳಿದ್ದವು, ಅವಳಿಗೂ ಸಾಕಾಗಿತ್ತು. ಒಂದು ದಿನ ಸುರವ್ವನ ಎದುರಿಗೆ ಕೂತು, "ಇದು ದೇವಿ ಜಡಿ. ಕೂಸಿನ್ನ ಬಿಟ್ಟ ಬಾ. ನಿನಗೂ ಬಿಡುಗಡೆ ಆಕ್ಕೈತಿ, ಅದಕ್ಕೂ ಆಕ್ಕೈತಿ" ಎಂದಳು. ಸುರವ್ವ ಆಗಲಿ ಎಂದಳು. ಆಗಲಿ ಎನ್ನುವಾಗ ತನ್ನೊಳಗೆ ಏನಾದರೂ ಕದಲುತ್ತದೆಯೋ ಎಂದು ಕಾದಳು. ಏನೂ ಕದಲಲಿಲ್ಲ. ಮರುದಿನವೇ ಮಗಳನ್ನು ಎತ್ತಿಕೊಂಡು ಹೊರಟಳು.

ದೇವಿಯ ಗುಡಿಗೆ ಹೋಗುವ ದಾರಿ ಬೀರಪ್ಪನ ಗುಡಿಯ ಮುಂದೆಯೇ ಹಾಯುತ್ತಿತ್ತು. ಹಟ್ಟಿಯವರ ಗುರುಗಳಾದ ಶಾಂತೊಡೆಯರು ಆ ಗುಡಿಯಲ್ಲೇ ಇರುತ್ತಿದ್ದರು. ಹಣ್ಣಾದ ಮುದುಕರು, ಮಾತು ಕಡಿಮೆ. ಯಾವ ದೊಡ್ಡ ಕೆಲಸಕ್ಕೆ ಹೊರಟರೂ ಅವರ ಕಾಲಿಗೆ ಬಿದ್ದು ಹೋಗುವುದು ಹಟ್ಟಿಯ ಪದ್ಧತಿಯಾದ್ದರಿಂದ ಸುರವ್ವ ನಿಂತಳು, ಕಾಲಿಗೆ ಬಿದ್ದಳು, ಹೊರಟ ಕಾರಣ ಹೇಳಿದಳು. ಒಡೆಯರು ಕೂಸನ್ನು ಹತ್ತಿರ ಕರೆದು ಅದರ ತಲೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು ಎನ್ನುತ್ತಾರೆ. "ಇದು ದೇವಿ ಜಡಿ ಅಲ್ಲವ್ವ. ಬಾಚದ ಕೂದಲ, ಅಷ್ಟ" ಎಂದರು.

ಸುರವ್ವ ನಾಚಿಕೊಳ್ಳಲಿಲ್ಲ, ಸಿಟ್ಟಾಗಲಿಲ್ಲ. ಇನ್ನೊಬ್ಬರ ಸುದ್ದಿ ಹೇಳುವವಳಂತೆ, "ನನಗ ಈ ಕೂಸಿನ ಮ್ಯಾಲ ಮನಸಿಲ್ಲರಿ ಒಡೆಯ. ಯಾರ ಮ್ಯಾಲೂ ಇಲ್ಲ. ದೇವರ ಮ್ಯಾಲೂ ಇಲ್ಲ" ಎಂದಳು.

"ಮನಸ ತಾ ಅಂತ ನಾ ಕೇಳಿಲ್ಲ. ಕೈ ಅದಾವಿಲ್ಲೊ?"

"ಅದಾವ್ರಿ."

"ಹಂಗಾದ್ರ ದಿನಾ ಮುಂಜಾನೆ ಇಲ್ಲಿಗೆ ಬಾ. ಬೀರಪ್ಪನ ಮುಂದ ಕುಂತು ಇದರ ತಲಿ ಬಾಚು. ಹಣೆಗೆ ಭಂಡಾರದ ಅರಿಷಿಣ ಹಚ್ಚು, ಮನಿಗೆ ಹೋಗು. ಉಳದದ್ದು ಅವನ ಕೆಲಸ. ಅವಗ ಬಿಡು."

"ಮನಸಿಲ್ಲದ ಮಾಡಿದ್ರ ಅದು ಸುಳ್ಳ ಆಗೂದಿಲ್ಲೇನ್ರಿ?"

"ಆದ್ರ ಆಗಲಿ. ಅವಗ ಗೊತ್ತಿರೂ ಸುಳ್ಳ ಅದು. ಅವ ಸಿಟ್ಟಾದ್ರ ನಾ ಹೇಳ್ಕೋತೀನಿ."

ಎಷ್ಟು ದಿನ ಎಂದು ಅವಳು ಕೇಳಿದಳು. ಒಡೆಯರು ಎದ್ದು ಗುಡಿಯೊಳಗೆ ಹೋದರು. ಒಳಗಿಂದ ಹರಳೆಣ್ಣೆಯ ಕುಡಿಕೆಯನ್ನೂ ತಮ್ಮದೇ ಮರದ ಹಣಿಗೆಯನ್ನೂ ತಂದರು. ಕೂಸನ್ನು ತಗ್ಗಿನ ಕಲ್ಲಿನ ಮೇಲೆ ಕೂರಿಸಿ ತಾವು ಹಿಂದಿನ ಎತ್ತರದ ಕಲ್ಲಿನ ಮೇಲೆ ಕೂತರು. ಜಡೆಗೆ ಎಣ್ಣೆ ಉಣಿಸಿ, ತುದಿಯಿಂದ ಬಿಡಿಸುತ್ತಾ ಬಂದರು. ಬುಡದಿಂದ ಎಳೆದರೆ ಮಗುವಿಗೆ ನೋವಾಗುತ್ತದೆ, ಗಂಟಿನ ಮೇಲುಗಡೆ ಕೂದಲನ್ನು ಹಿಡಿದುಕೊಂಡು ಬಾಚಬೇಕು ಎಂದು ತೋರಿಸಿಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಆ ಜಾಗದಲ್ಲಿ ಸುರವ್ವನನ್ನು ಕೂರಿಸಿದರು. ಆ ದಿನ ಹೊತ್ತು ಮುಳುಗುವವರೆಗೆ ಅವಳು ಬಿಡಿಸಿದಳು. ಮುಗಿಯಲಿಲ್ಲ. ಮರುದಿನ ಮತ್ತೆ ಬಂದಳು. ದೇವಿಗೆ ಬಿಡುವ ಮಾತು ಅಲ್ಲಿಗೇ ನಿಂತಿತು.

ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಸುರವ್ವನಿಗೆ ಇದರಿಂದ ನೆಮ್ಮದಿ ಬಂತು ಎಂದು ಯಾರೂ ಹೇಳುವುದಿಲ್ಲ. ಅವಳು ಗುಡಿಗೆ ಬರುತ್ತಿದ್ದಳು, ಬೀರಪ್ಪನಿಗೆ ಕೈ ಮುಗಿಯುತ್ತಿದ್ದಳು, ಏನನ್ನೂ ಬೇಡುತ್ತಿರಲಿಲ್ಲ. ಬಾಚುವಾಗ ಹಾಡುತ್ತಿರಲಿಲ್ಲ, ಕಥೆ ಹೇಳುತ್ತಿರಲಿಲ್ಲ. ಭರಮಿಗೆ ಮಾತು ಬಲಿತ ಮೇಲೆ ಅವಳೇ ವಟಗುಟ್ಟುತ್ತಿದ್ದಳು. ತಾಯಿ ಹೂಂ ಎನ್ನುತ್ತಿದ್ದಳು. ಒಂದು ಚಳಿಗಾಲ ಮಗುವಿಗೆ ಜ್ವರ ಏರಿ ಕಣ್ಣು ಮೇಲಾದಾಗ, ಬಾಳವ್ವ ಬೇಡವೆಂದರೂ ಕೇಳದೆ ಸುರವ್ವ ಅದನ್ನು ಹೊತ್ತುಕೊಂಡು ಗುಡ್ಡ ಹತ್ತಿದಳು. ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಬಾಚಿದಳು. "ಒಡೆಯರು ಹೇಳಿದ್ದು ಮಾಡೀನಿ. ಉಳದದ್ದು ನಿನ್ನದು" ಎಂದು ದೇವರಿಗೆ ಹೇಳಿ ಇಳಿದುಬಂದಳು. ಅರ್ಧ ದಾರಿಯಲ್ಲಿ ಅಂಗೈ ಚುರುಗುಟ್ಟಿತು. ಬಿಡಿಸಿ ನೋಡಿದರೆ, ಬಿಗಿಹಿಡಿದಿದ್ದ ಹಣಿಗೆಯ ಹಲ್ಲುಗಳು ಒತ್ತಿ ರಕ್ತ ಬಂದಿತ್ತು. ನೋವು ಗೊತ್ತಾಗಿತ್ತಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಅಷ್ಟೇ. ಜ್ವರ ಇಳಿಯಿತು. ಇನ್ನೊಂದು ವರ್ಷ ಶಾಂತೊಡೆಯರು ತೀರಿಕೊಂಡರು. ಇನ್ನು ಸಾಕು ಎಂದು ಹೇಳಬಲ್ಲವರು ಅವರೊಬ್ಬರೇ ಆಗಿದ್ದರು. ಅವರನ್ನು ಮಣ್ಣು ಮಾಡಿದ ಮರುದಿನವೂ ಸುರವ್ವ ಮಗಳನ್ನು ಕರೆದುಕೊಂಡು ಗುಡ್ಡ ಹತ್ತಿದಳು.

ಭರಮಿ ದೊಡ್ಡವಳಾದಳು. ಅವಳ ಹೆರಳು ಸೊಂಟ ದಾಟಿತ್ತು. ನದಿಯಾಚೆಯ ಹಟ್ಟಿಯಿಂದ ಗಂಡು ಬಂದು ಮದುವೆ ಗೊತ್ತಾಯಿತು. ಅದೇ ದಿನಗಳಲ್ಲಿ, ಯಾವುದೋ ಸಣ್ಣ ಮಾತಿಗೆ, ತಾನು ಉಟ್ಟಿದ್ದ ಸೀರೆಯ ವಿಷಯಕ್ಕೋ ಏನೋ, ಭರಮಿ ಸೋದರತ್ತೆಗೆ ಎದುರಾಡಿದಳು. ಬಾಳವ್ವನ ಬಾಯಿಂದ ಹಳೆಯದೆಲ್ಲ ಬಿದ್ದುಹೋಯಿತು. "ನಿಮ್ಮವ್ವ ನಿನ್ನ ದೇವಿಗೆ ಬಿಡಾಕ ಹೊಂಟಿದ್ಲು, ಗೊತ್ತೈತಿಲ್ಲೊ? ಒಡೆಯರು ಬ್ಯಾಡಂದ್ರು ಅಂತ ಇಟ್ಕೊಂಡ್ಳು. ನೀ ಕಂಕುಳದಾಗ ಇರದಿದ್ರ ಅಕಿನೂ ಅವತ್ತ ನೀರಿಗೆ ಇಳೀತಿದ್ಲು." ಹೇಳಿದ ಮೇಲೆ ಬಾಳವ್ವ ಬಾಯಿಗೆ ಸೆರಗು ಹಿಡಿದಳಂತೆ. ಅಷ್ಟರಲ್ಲಿ ಭರಮಿ ತಾಯಿಯ ಹತ್ತಿರ ಹೋಗಿಬಿಟ್ಟಿದ್ದಳು.

ಸುರವ್ವ ಕುರಿದೊಡ್ಡಿಯ ಬಾಗಿಲಲ್ಲಿ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ಮಗಳು ಎದುರಿಗೆ ನಿಂತು ಕೇಳಿದಳು. "ಖರೇ ಏನ ಅದು?"

"ಖರೇ."

"ಹಂಗಾದ್ರ ದಿನಾ ನನ್ನ ತಲಿ ಬಾಚಿದ್ದು?"

"ಒಡೆಯರು ಬಾಚು ಅಂದ್ರು. ಬಾಚಿದೆ."

"ನನ್ನ ಮ್ಯಾಲ ಮನಸ ಇದ್ದಿದ್ದಿಲ್ಲೇನ ನಿನಗ?"

ಸುಳ್ಳು ಹೇಳಬಹುದಿತ್ತು. ಮದುವೆಯಾಗಿ ಹೊರಡಲಿದ್ದ ಮಗಳಿಗೆ ಒಂದು ಹಿತವಾದ ಸುಳ್ಳು ಹೇಳಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಸುರವ್ವ ತನ್ನೊಳಗೆ ಹುಡುಕಿ ನೋಡಿದಳು. ಇದೆ ಎನ್ನುವುದಕ್ಕೂ ಧೈರ್ಯ ಬರಲಿಲ್ಲ, ಇಲ್ಲ ಎನ್ನುವುದಕ್ಕೂ ಬರಲಿಲ್ಲ. "ಗೊತ್ತಿಲ್ಲವ್ವ" ಎಂದಳು.

ಮರುದಿನ ಭರಮಿ ಗುಡ್ಡಕ್ಕೆ ಬರಲಿಲ್ಲ. ಸುರವ್ವ ಒಬ್ಬಳೇ ಹೋದಳು. ಮೇಲಿನ ಕಲ್ಲಿನ ಮೇಲೆ ಕೂತು, ಹಣಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಿಸಿಲು ಗುಡಿಯ ಹೊಸ್ತಿಲಿಗೆ ಬರುವವರೆಗೆ ಇದ್ದು, ಇಳಿದುಬಂದಳು. ಅದರ ಮರುದಿನವೂ ಹಾಗೆಯೇ. ಮಗಳು ಬಾಳವ್ವನ ಮನೆಯಲ್ಲೇ ಮಲಗತೊಡಗಿದಳು. ತಲೆಗೆ ಯಾರನ್ನೂ ಕೈ ಹಾಕಗೊಡಲಿಲ್ಲ. ಮದುವಣಗಿತ್ತಿಯ ಹೆರಳು ಕೆದರಿ ಸಿಕ್ಕಾಯಿತು, ಸಿಕ್ಕು ಗಂಟಾಯಿತು. ಹಟ್ಟಿಯವರು ಕೂಡಿ ಸುರವ್ವನಿಗೆ, ಮಗಳ ಕಾಲು ಹಿಡಿ, ಎರಡು ಹನಿ ಕಣ್ಣೀರು ಹಾಕು ಎಂದರು. ಅವಳಿಗೆ ಕಣ್ಣೀರು ಬರಲಿಲ್ಲ. ಬಾರದ ಕಣ್ಣೀರನ್ನು ತೋರಿಸುವುದು ಅವಳಿಗೆ ಗೊತ್ತಿರಲಿಲ್ಲ. ಒಡೆಯರು ಹೇಳಿಹೋದದ್ದು ಒಂದೇ ಅವಳಿಗೆ ಗೊತ್ತಿದ್ದದ್ದು. ಮುಂಜಾನೆಯಾದರೆ ಗುಡ್ಡ ಹತ್ತುತ್ತಿದ್ದಳು.

ಮದುವೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಭರಮಿ ತಾಯಿಗೆ ಕಾಣದಂತೆ ಹಿಂದೆ ಹಿಂದೆಯೇ ಹತ್ತಿ, ಗುಡಿಯ ಗೋಡೆಯ ಮರೆಗೆ ನಿಂತಳು. ಅವ್ವ ಅಲ್ಲಿ ಕೂತು ಏನು ಮಾಡುತ್ತಾಳೆ, ಯಾರಿಲ್ಲದಾಗಲಾದರೂ ಅಳುತ್ತಾಳೆಯೇ ನೋಡಬೇಕೆಂಬುದು ಅವಳ ಮನಸ್ಸಿನಲ್ಲಿತ್ತು. ಸುರವ್ವ ಅಳಲಿಲ್ಲ. ತಗ್ಗಿನ ಕಲ್ಲಿನ ಮೇಲೆ ಬಿದ್ದಿದ್ದ ಒಣ ಎಲೆಯನ್ನು ಕೈಯಿಂದ ಸರಿಸಿದಳು. ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ಗುಡಿಯ ಕಡೆ ತಿರುಗಿ, ದಿನದ ಲೆಕ್ಕ ಒಪ್ಪಿಸುವ ದನಿಯಲ್ಲಿ, "ಅಕಿ ಇವತ್ತೂ ಬಂದಿಲ್ಲ. ನಾ ಬಂದೀನಿ" ಎಂದಳು. ಮತ್ತೆ ಹಣಿಗೆ ಹಿಡಿದು ಕೂತಳು.

ಭರಮಿ ಗೋಡೆಯ ಮರೆಯಿಂದ ಹೊರಗೆ ಬಂದಳು. ಹೋಗಿ ತಗ್ಗಿನ ಕಲ್ಲಿನ ಮೇಲೆ ತಾಯಿಗೆ ಬೆನ್ನು ಕೊಟ್ಟು ಕೂತಳು. ಸುರವ್ವ ಕೂದಲಿಗೆ ಎಣ್ಣೆ ಹಚ್ಚಿ ತುದಿಯಿಂದ ಬಿಡಿಸತೊಡಗಿದಳು. ಗಂಟುಗಳು ಬಿಗಿಯಾಗಿದ್ದವು. ಒಂದು ಕಡೆ ಹಣಿಗೆ ಸಿಕ್ಕಿಕೊಂಡು ಭರಮಿಯ ತಲೆ ಹಿಂದಕ್ಕೆ ಎಳೆಯಿತು. ಸುರವ್ವನ ಕೈ ಅಲ್ಲಿಯೇ ನಿಂತಿತು.

"ನೋವಾತೇನ?" ಎಂದು ಕೇಳಿದಳು.

ಅಷ್ಟು ವರ್ಷಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ಭರಮಿ ನೆಟ್ಟಗೆ ಕೂತು, "ಇಲ್ಲ, ಬಾಚು" ಎಂದಳು. ಸುರವ್ವ ಆಗ ಗಳಗಳನೆ ಅತ್ತಳು, ಅವಳ ಕಣ್ಣೀರಿನಿಂದಲೇ ಗುಡಿಯ ಪಕ್ಕದ ಒರತೆ ಹುಟ್ಟಿತು ಎಂದು ಬೇರೆ ಊರಿನ ಕೆಲವರು ಹೇಳುವುದುಂಟು. ಕೆಂಜಾಳದವರು ಹಾಗೆ ಹೇಳುವುದಿಲ್ಲ. ಒರತೆ ಮೊದಲೇ ಇತ್ತು, ಸುರವ್ವ ಅಳಲಿಲ್ಲ, ಅವಳ ಕೈ ಒಂದು ಕ್ಷಣ ಮಗಳ ನೆತ್ತಿಯ ಮೇಲೆ ಇತ್ತು, ಆಮೇಲೆ ಬಾಚಿದಳು ಎನ್ನುತ್ತಾರೆ.

ಮಗಳು ಮದುವೆಯಾಗಿ ನದಿಯಾಚೆ ಹೋದಳು. ಸುರವ್ವ ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ. ಮೊದಮೊದಲು ಒಬ್ಬಳೇ ಕೂತಿರುತ್ತಿದ್ದಳು. ಆಮೇಲೆ ಹಟ್ಟಿಯ ತಾಯಿಯಿಲ್ಲದ ಹುಡುಗಿಯೊಬ್ಬಳು ಬಂದು ಕೂತಳು. ಸುತ್ತಲ ಊರುಗಳಿಂದ, ತಲೆಯಲ್ಲಿ ಜಡೆ ಕಟ್ಟಿದ ಮಕ್ಕಳನ್ನು, ದೇವಿಗೆ ಬಿಡಲು ಮನಸ್ಸೊಪ್ಪದ ತಂದೆತಾಯಿ ಇವಳ ಹತ್ತಿರ ತರತೊಡಗಿದರು. ಇದು ದೇವಿಯ ಜಡೆಯೋ ಎಂದು ಕೇಳಿದವರಿಗೆ ಅವಳು ಒಡೆಯರು ಹೇಳಿದ ಮಾತನ್ನೇ ಹೇಳುತ್ತಿದ್ದಳು. ಬಿಡಿಸುತ್ತಾ ನೋವಾಯಿತೇ ಎಂದು ಪ್ರತಿ ಮಗುವನ್ನೂ ಕೇಳುತ್ತಿದ್ದಳು. ಜನ ಅವಳ ನಿಜವಾದ ಹೆಸರನ್ನು ಮರೆತು ಹಣಿಗೆವ್ವ ಎಂದರು. ಅವಳು ತೀರಿಕೊಂಡ ಮೇಲೆ ಗುಡ್ಡಕ್ಕೂ ಅದೇ ಹೆಸರಾಯಿತು.

ಈಗ ಹಟ್ಟಿ ಇಲ್ಲ. ಬುಡದಲ್ಲಿ ಕಲ್ಲುಗೋಡೆಗಳ ಗುರುತು ಮಾತ್ರ ಉಳಿದಿದೆ. ಹಳ್ಳಕ್ಕೆ ಸೇತುವೆಯಾಗಿದೆ. ಸೋಮವಾರ ಮುಂಜಾನೆ ಹೋದರೆ ಗುಡಿಯ ಮುಂದೆ ಹೆಂಗಸರ ಸಾಲು ಕಾಣುತ್ತದೆ. ಪೂಜಾರಿ ಅಲ್ಲಿ ಹಣೆಗೆ ಭಂಡಾರ ಹಚ್ಚುವುದೊಂದನ್ನು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಮಂತ್ರವಿಲ್ಲ, ಹರಕೆಯ ಮಾತಿಲ್ಲ. ತಗ್ಗಿನ ಕಲ್ಲಿನ ಮೇಲೆ ಒಬ್ಬರು ಕೂರುತ್ತಾರೆ, ಸಾಲಿನಲ್ಲಿ ಅವರ ಹಿಂದಿರುವವರು ಎತ್ತರದ ಕಲ್ಲಿನ ಮೇಲೆ ಕೂತು ಅವರ ತಲೆ ಬಾಚುತ್ತಾರೆ, ಆಮೇಲೆ ತಾವು ತಗ್ಗಿಗೆ ಇಳಿದು ಕೂರುತ್ತಾರೆ. ಹೆಸರು ಕೇಳುವುದಿಲ್ಲ, ಕುಲ ಕೇಳುವುದಿಲ್ಲ, ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಕಳೆದ ಸಲ ಹೋದವರು ಹೇಳಿದರು: ದೂರದ ಊರಿನ ಒಬ್ಬ ಗಂಡಸು, ಬೋಳುತಲೆಯವನು, ಸಾಲಿನಲ್ಲಿ ಬಂದು ತಗ್ಗಿನ ಕಲ್ಲಿನ ಮೇಲೆ ಕೂತನಂತೆ. ಹಿಂದಿದ್ದ ಮುದುಕಿ ಒಂದು ಗಳಿಗೆ ನೋಡಿ, ಹಣಿಗೆಯನ್ನು ಪಕ್ಕಕ್ಕಿಟ್ಟು, ಅವನ ತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿದಳಂತೆ.